ಹುಳದ ಮನೆಯಲ್ಲಿ ಒಂದು ಚಳಿಗಾಲ

ಹೋದ ತಿಂಗಳು ಚಿಂತಾಮಣಿಯಲ್ಲಿ ಒಂದು ಮದುವೆ ಮುಗಿಸಿಕೊಂಡು ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ವಾಪಸು ಬರುತ್ತಿದ್ದೆ. ಶಿಡ್ಲಘಟ್ಟದಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ರೇಷ್ಮೆ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ತೆಗೆಯುವ ಕಡೆಯಿಂದ ಬರುವ ವಾಸನೆ. ಹೊಸಬರಿಗೆ ಎಲ್ಲೋ ಏನೋ ಸತ್ತಿದೆ ಅನ್ನಿಸುತ್ತದೆ. ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗಿ ಮೂಗು ಮುಚ್ಚಿಕೊಂಡು, "ಅಜ್ಜಿ, ಸ್ವಲ್ಪ ಕಿಟಕಿ ಹಾಕ್ತೀರಾ?" ಎಂದಳು. ಹಾಕಿದೆ. ಸುಳ್ಳು ಯಾಕೆ ಹೇಳಲಿ, ನನಗೆ ಆ ವಾಸನೆ ಇಷ್ಟ. ನನ್ನ ಬದುಕಿನ ಬಹಳ ಸುಖದ ಚಳಿಗಾಲವೊಂದು ಆ ಸೀಮೆಯಲ್ಲೇ, ರೇಷ್ಮೆ ಹುಳುಗಳ ನಡುವೆಯೇ ಕಳೆಯಿತು.

ಆಗ ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನನಗೆ ಹದಿನೇಳು. ಅಪ್ಪ ಮಿಷನ್ ಶಾಲೆಯಲ್ಲಿ ಮೇಷ್ಟ್ರು. ನಾನು ಎಸ್.ಎಸ್.ಎಲ್.ಸಿ. ಪಾಸು ಮಾಡಿ ನರ್ಸ್ ತರಬೇತಿಗೆ ಅರ್ಜಿ ಹಾಕಿದ್ದೆ. ಹದಿನೆಂಟು ತುಂಬಿದ ಮೇಲೆ ಬಾ ಎಂದಿದ್ದರು. ಆ ಒಂದು ವರ್ಷ ಮನೆಯಲ್ಲಿ ಕೂತು ತಮ್ಮಂದಿರ ಜಗಳ ಬಿಡಿಸುವುದರ ಬದಲು ಹತ್ತಿರದ ಒಂದು ಸಣ್ಣ ಮಿಷನ್ ಆಸ್ಪತ್ರೆಯಲ್ಲಿ ಸಂಬಳವಿಲ್ಲದೆ ಕೆಲಸ ಮಾಡುವುದೆಂದು ತೀರ್ಮಾನವಾಯಿತು. ಅಪ್ಪ ಅದನ್ನು ಸೇವೆ ಎಂದರು. ಅಮ್ಮ, "ಊಟ ಹಾಕ್ತಾರಂತಾ?" ಎಂದು ಕೇಳಿದಳು. ಹಾಕುತ್ತಿದ್ದರು. ಎರಡು ಬಿಳಿ ಸೀರೆಯನ್ನೂ ಕೊಟ್ಟರು.

ಆಸ್ಪತ್ರೆಗೆ ಒಬ್ಬರೇ ಡಾಕ್ಟರು. ಸಮುದ್ರದ ಆಚೆಯಿಂದ ಬಂದವರು, ಎತ್ತರದ ಹೆಂಗಸು, ಬಿಸಿಲಿಗೆ ಮೂಗು ಸುಲಿದು ಸದಾ ಕೆಂಪಗಿರುತ್ತಿತ್ತು. ಊರವರು ದೊರೆಸಾನಿ ಎನ್ನುತ್ತಿದ್ದರು, ನಾವು ಡಾಕ್ಟರಮ್ಮ ಎನ್ನುತ್ತಿದ್ದೆವು. ಯಾರೋ ಪಂಡಿತರ ಹತ್ತಿರ ಪುಸ್ತಕ ಇಟ್ಟುಕೊಂಡು ಕನ್ನಡ ಕಲಿತಿದ್ದರು. "ಅಮ್ಮಾ, ದಯವಿಟ್ಟು ತಮ್ಮ ನಾಲಿಗೆಯನ್ನು ಹೊರಚಾಚಿರಿ" ಎನ್ನುವರು. ಹಳ್ಳಿಯ ಮುದುಕಿ ನನ್ನ ಕಡೆ ತಿರುಗಿ "ಏನಂತೆ?" ಎನ್ನುವಳು. "ನಾಲಿಗೆ ತೋರ್ಸ್‌ಬೇಕಂತೆ" ಎನ್ನುವೆ. ಅರ್ಧ ದಿನ ನನ್ನ ಕೆಲಸ ಇದೇ, ಕನ್ನಡದಿಂದ ಕನ್ನಡಕ್ಕೆ ಹೇಳುವುದು. ನಮ್ಮ ಕಡೆ ಮನೆಮಾತು ತೆಲುಗು ಇರುವವರೇ ಹೆಚ್ಚು, ಒಮ್ಮೊಮ್ಮೆ ತೆಲುಗಿಗೂ ಹೇಳಬೇಕಾಗುತ್ತಿತ್ತು.

ನಮ್ಮ ಮೇಲೆ ಹಿರಿಯ ನರ್ಸ್ ಎಸ್ತೇರಮ್ಮ. ಕುಳ್ಳು, ಗುಂಡಗೆ, ಬಾಯಿ ಜೋರು. ಕಾರ್ಬಾಲಿಕ್ ಸೋಪಿನಲ್ಲಿ ಅವರಿಗಿದ್ದ ನಂಬಿಕೆ ದೊಡ್ಡದು. ಕೈ, ಸೀರೆ, ಬೆಂಚು, ರೋಗಿಯ ಮಕ್ಕಳು, ಎಲ್ಲವನ್ನೂ ಅದರಲ್ಲಿ ತೊಳೆಯಬೇಕು. ತಾಯಿತ, ಅಂತ್ರ, ದೃಷ್ಟಿ ತೆಗೆಯುವುದು ಇವನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಮಗುವಿನ ಕೊರಳಿನ ತಾಯಿತ ಕಂಡರೆ, "ಇದು ಕಟ್ಟಿದ್ ಮೇಲೆ ನಮ್ಮ ಔಷಧಿ ಯಾಕ್ರಮ್ಮ, ಮನೇಗೋಗಿ" ಎಂದು ಬೈದು, ಔಷಧಿಯನ್ನು ಮಾತ್ರ ಒಂದು ತೊಟ್ಟು ಜಾಸ್ತಿಯೇ ಕೊಟ್ಟು ಕಳಿಸುವರು.

ವಾರದ ಒಂದೊಂದು ದಿನ ಒಂದೊಂದು ಹಳ್ಳಿಗೆ ನಮ್ಮ ಹಳೆಯ ವ್ಯಾನು ಹೋಗುತ್ತಿತ್ತು. ಗುರುವಾರದ ಹಳ್ಳಿ ಶಿಡ್ಲಘಟ್ಟದಿಂದ ಚಿಂತಾಮಣಿಯ ಕಡೆಗೆ ಹೋಗುವ ದಾರಿಯಿಂದ ಒಳಗೆ, ಗಾಡಿ ಜಾಡಿನಲ್ಲಿ ಬಹಳ ದೂರ ಹೋದ ಮೇಲೆ ಸಿಗುತ್ತಿತ್ತು. ಊರಿನ ಹೆಸರು ಬೇಡ, ಆ ಮನೆಯವರು ಈಗಲೂ ಅಲ್ಲೇ ಇದ್ದಾರೆ. ಊರಿನ ದೊಡ್ಡ ಮನೆಯ ಜಗಲಿ ನಮ್ಮ ಆಸ್ಪತ್ರೆ. ಆ ಮನೆಯ ಯಜಮಾನಿ ಅಕ್ಕಯ್ಯಮ್ಮ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮನೆಯಲ್ಲಿ ಮಾವ ಪಿಳ್ಳಪ್ಪ ತಾತ, ಮಗ ಮುನಿರಾಜು, ಹೊಸದಾಗಿ ಬಂದ ಸೊಸೆ ವೆಂಕಟಲಕ್ಷ್ಮಿ. ಹೊಲದಲ್ಲಿ ರಾಗಿ, ಅವರೆ. ಬಾವಿಯ ಸುತ್ತ ಹಿಪ್ಪುನೇರಳೆ. ಅಂಗಳದ ಒಂದು ಬದಿಗೆ ರೇಷ್ಮೆ ಸಾಕುವುದಕ್ಕೆಂದೇ ಕಟ್ಟಿದ ದಪ್ಪ ಮಣ್ಣು ಗೋಡೆಯ ಹುಳದ ಮನೆ.

ಮೊದಲ ಗುರುವಾರ ನೀರು ಬೇಕಾಗಿ ನಾನು ಹೊಸಲು ದಾಟಲು ಹೋದೆ. ಅಕ್ಕಯ್ಯಮ್ಮ ಅಡ್ಡ ಬಂದಳು.

"ಅಲ್ಲೇ ನಿಂತ್ಕೊಳಮ್ಮ. ಒಳಕ್ಕೆ ಬರ್ಬೇಡ. ನೀರು ನಾನೇ ತಂದ್ಕೊಡ್ತೀನಿ."

ನನ್ನ ಮುಖ ಸಣ್ಣಗಾಯಿತು. ಕ್ರಿಸ್ತರವಳು ಅಂತ ತಾನೇ, ಗೊತ್ತಿರುವುದೇ, ಎಂದುಕೊಂಡು ಜಗಲಿಯ ಮೂಲೆಗೆ ಹೋಗಿ ಕೂತೆ. ಅವಳು ಚೊಂಬು ತಂದು ನನ್ನ ಮುಖ ನೋಡಿದಳು.

"ಯಾಕಮ್ಮ ಮುಖ ಊದಿಸ್ಕೊಂಡಿದ್ದೀಯ? ನಿನ್ನ ಮೈಯೆಲ್ಲಾ ಆಸ್ಪತ್ರೆ ವಾಸ್ನೆ. ನಮ್ಮ ಹುಳಕ್ಕೆ ಆಗಾಕಿಲ್ಲ. ನಶ್ಯ ಹಾಕೋ ಶಾನುಭೋಗ್ರನ್ನೇ ನಾನು ಒಳಕ್ಕೆ ಬಿಡಲ್ಲ, ನೀನ್ಯಾವ ಲೆಕ್ಕ?"

ಅದು ನಿಜವೇ ಆಗಿತ್ತು. ಹುಳ ಇರುವಷ್ಟು ದಿನ ಆ ಮನೆಯಲ್ಲಿ ಒಗ್ಗರಣೆ ಹಾಕುತ್ತಿರಲಿಲ್ಲ, ಬೀಡಿ ಹಚ್ಚುವಂತಿರಲಿಲ್ಲ, ಹೂವು ಮುಡಿಯುವಂತಿರಲಿಲ್ಲ, ಗಟ್ಟಿಯಾಗಿ ಜಗಳವಾಡುವಂತೆಯೂ ಇರಲಿಲ್ಲ. ನೆಂಟರು ಬಂದರೆ ಜಗಲಿಯಲ್ಲೇ ಉಂಡು ಹೋಗಬೇಕು. ನನಗೆ ಸಮಾಧಾನವಾಯಿತು. ಎಸ್ತೇರಮ್ಮನಿಗೆ ಮಾತ್ರ, ಕಾರ್ಬಾಲಿಕ್ ಸೋಪನ್ನು ವಾಸನೆ ಎಂದವರ ಮೇಲೆ ಮನಸ್ಸು ಕಹಿಯಾಯಿತು.

ಮಳೆಗಾಲ ಮುಗಿದು ಚಳಿ ಶುರುವಾಯಿತು. ಗುರುವಾರಗಳು ನನಗೆ ಹಬ್ಬ. ಬೆಳಿಗ್ಗೆ ಹೊರಡುವಾಗ ಸ್ಕಂದಗಿರಿ ಮಂಜಿನಲ್ಲಿ ಮುಳುಗಿ ಕಾಣುತ್ತಲೇ ಇರುತ್ತಿರಲಿಲ್ಲ. ಹಳ್ಳಿ ಮುಟ್ಟುವ ಹೊತ್ತಿಗೆ ಎಳೆಬಿಸಿಲು, ಜಗಲಿಯ ಮೇಲೆ ಕಂಬಳಿ ಹೊದ್ದ ಸಾಲು. ಕಜ್ಜಿ, ಕಣ್ಣುನೋವು, ಜಂತುಹುಳ, ಕುಡುಗೋಲು ತಗುಲಿದ ಬೆರಳು. ನಾನು ಗಾಯ ತೊಳೆಯುವುದನ್ನು ಕಲಿತೆ, ಕಣ್ಣಿಗೆ ಹನಿ ಬಿಡುವುದನ್ನು ಕಲಿತೆ, ಕಿರುಚುವ ಮಕ್ಕಳನ್ನು ಮೊಣಕಾಲ ನಡುವೆ ಹಿಡಿದುಕೊಳ್ಳುವುದನ್ನು ಕಲಿತೆ. ಸಾಯಂಕಾಲ ಹೊರಡುವಾಗ ಯಾರಾದರೂ ಮಡಿಲು ತುಂಬ ಸೊಗಡಿನ ಅವರೆಕಾಯಿ ತಂದು ವ್ಯಾನಿಗೆ ಸುರಿಯುವರು. ಡಾಕ್ಟರಮ್ಮನಿಗೆ ಹಿತಕಿದ ಬೇಳೆ ಸಾರೆಂದರೆ ಪ್ರಾಣ. ದಾರಿಯುದ್ದಕ್ಕೂ ನಾವು ಮೂವರೂ ಕಾಳು ಬಿಡಿಸುತ್ತಾ ಬರುತ್ತಿದ್ದೆವು. ಮುಂದೆ ಎಷ್ಟೋ ದೊಡ್ಡ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದೆ. ಅಷ್ಟು ಹಗುರವಾಗಿ ಮನೆಗೆ ಮರಳಿದ್ದು ಕಡಿಮೆ.

ಪುಷ್ಯ ಮಾಸದ ಒಂದು ಗುರುವಾರ ನಾವು ಹೋದಾಗ ಜಗಲಿ ಖಾಲಿ. ಅಂಗಳದಲ್ಲಿ ಅಕ್ಕಯ್ಯಮ್ಮ ಒಬ್ಬಳೇ ನಿಂತಿದ್ದಳು. ವೆಂಕಟಲಕ್ಷ್ಮಿಗೆ ಬೆಳಗಿನ ಜಾವದಿಂದ ನೋವು. ಬಸುರಿಗೆ ಏಳೇ ತಿಂಗಳು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗಬೇಕಾದವಳು, ಕೈವಾರದ ಹತ್ತಿರದ ಅವಳ ತವರಿನಿಂದ ಮುಂದಿನ ವಾರ ಕರೆದೊಯ್ಯಲು ಬರುವವರಿದ್ದರು. ಹುಳ ಇರುವ ಮನೆಯಲ್ಲಿ ಹೆರಿಗೆ ಆಗಬಾರದು ಎಂದು ಅಕ್ಕಯ್ಯಮ್ಮ ಎಲ್ಲ ಲೆಕ್ಕ ಹಾಕಿಟ್ಟಿದ್ದಳು. ಕೂಸು ಯಾವ ಲೆಕ್ಕಕ್ಕೂ ಕಾಯಲಿಲ್ಲ.

ಅಂಗಳದ ಆಚೆ ಬದಿಯಲ್ಲಿ ಹುಲ್ಲು ಹೊದಿಸಿದ ಒಂದು ಕೋಣೆಯಿತ್ತು. ಸೂಲಗಿತ್ತಿ ಅವಳನ್ನು ಅಲ್ಲಿ ಮಲಗಿಸಿದ್ದಳು. ಡಾಕ್ಟರಮ್ಮ ಮತ್ತು ಎಸ್ತೇರಮ್ಮ ಒಳಗೆ ಹೋದರು, ನಾನು ಬಿಸಿನೀರು ಸಾಗಿಸಿದೆ. ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ಹೆಣ್ಣು ಮಗು ಹುಟ್ಟಿತು. ನನ್ನ ಎರಡು ಅಂಗೈ ಜೋಡಿಸಿದರೆ ಅದಕ್ಕೆ ಹಾಸಿಗೆಯಾಗುತ್ತಿತ್ತು. ಚರ್ಮದೊಳಗಿನ ನರ ಕಾಣುತ್ತಿತ್ತು. ಉಸಿರಾಡುತ್ತಿತ್ತು, ಆದರೆ ಕೈಕಾಲು ತಣ್ಣಗೆ, ತುಟಿ ನೀಲಿ.

ತಾಯಿಗೆ ತುಂಬ ರಕ್ತ ಹೋಗಿತ್ತು, ಮೇಲೆ ಚಳಿಜ್ವರ ಬೇರೆ. ಕೋಣೆಯ ಗೋಡೆಯೆಲ್ಲ ಬಿರುಕು, ಬಾಗಿಲಿಗೆ ತಟ್ಟಿ, ಗಾಳಿ ಸುಯ್ಯೆನ್ನುತ್ತಿತ್ತು. ಸೌದೆ ಹಚ್ಚಿದರೆ ಹೊಗೆ ತುಂಬಿ ಕೂಸು ಉಸಿರಿಗೆ ಒದ್ದಾಡಿತು. ಆಸ್ಪತ್ರೆಗೆ ಒಯ್ಯೋಣವೆಂದರೆ ಸುತ್ತಲೂ ತೂತಿರುವ ವ್ಯಾನಿನಲ್ಲಿ ಆ ಗಾಳಿಗೆ ದಾರಿಯಲ್ಲೇ ಮುಗಿದುಹೋಗುತ್ತದೆ ಎಂದರು ಡಾಕ್ಟರಮ್ಮ. ಇಂಥ ಮಕ್ಕಳನ್ನು ಬೆಚ್ಚಗಿಡುವ ಪೆಟ್ಟಿಗೆ ಆಗ ನಮ್ಮಲ್ಲಿಯೂ ಇರಲಿಲ್ಲ. ಅರಳೆಯಲ್ಲಿ ಸುತ್ತಿದ ಮಗುವನ್ನು ನನ್ನ ಎದೆಗೆ ಒತ್ತಿ ಕೊಟ್ಟು ಅವರು ಅಂಗಳಕ್ಕೆ ಬಂದರು, ಅತ್ತಿತ್ತ ನೋಡಿದರು, ನೆಟ್ಟಗೆ ಹುಳದ ಮನೆಯ ಮುಂದೆ ಹೋಗಿ ನಿಂತರು. ಕಿಟಕಿಗಳಿಗೆಲ್ಲ ಗೋಣಿತಾಟು. ಮುನಿರಾಜು ಸೊಪ್ಪು ಹಾಕಿ ಆಗಷ್ಟೇ ಹೊರಬರುತ್ತಿದ್ದ. ತೆರೆದ ಬಾಗಿಲಿನಿಂದ ಒಳಗಿನ ಕಾವು ಅವರ ಮುಖಕ್ಕೆ ಬಡಿದಿರಬೇಕು. ಎಳೆಯ ಹುಳಕ್ಕೆ ಚಳಿ ತಾಗಬಾರದೆಂದು ಹಗಲೂ ರಾತ್ರಿ ಇದ್ದಿಲ ಕೆಂಡ ಇಟ್ಟು ಹದವಾಗಿ ಕಾಯಿಸುವ ಮನೆ ಅದು.

"ಶಿಶುವನ್ನು ಇಲ್ಲಿ ಇರಿಸಬೇಕು" ಎಂದರು.

ಅದನ್ನು ಮಾತ್ರ ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಅಕ್ಕಯ್ಯಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಆಗಾಕಿಲ್ಲಮ್ಮ. ಪುರುಡು."

ಪುರುಡು ಅಂದರೆ ಹೆರಿಗೆಯ ಮೈಲಿಗೆ. ಅದು ಇರುವಷ್ಟು ದಿನ ಮನೆಯವರು ದೇವರಿಗೆ ದೀಪ ಹಚ್ಚುವಂತಿಲ್ಲ. ಬಾಣಂತಿಯನ್ನಾಗಲಿ ಕೂಸನ್ನಾಗಲಿ ಮುಟ್ಟಿದವರಂತೂ ಹುಳದ ಮನೆಯ ಹತ್ತಿರ ಸುಳಿಯಬಾರದು. ಸುಳಿದರೆ ಹುಳ ಒಂದೂ ಉಳಿಯುವುದಿಲ್ಲ, ಇದು ಆ ಸೀಮೆಯಲ್ಲೆಲ್ಲ ಗಟ್ಟಿಯಾಗಿ ನಂಬಿದ ಮಾತು. ಹುಳದ ಮೇಲೆಯೇ ಆ ಮನೆಯ ಬದುಕು ನಿಂತಿತ್ತು. ಎಸ್ತೇರಮ್ಮ ಬಾಣಂತಿಯ ಕೋಣೆಯೊಳಗಿನಿಂದಲೇ ಕೂಗಾಡತೊಡಗಿದರು. ನನ್ನ ಕೈಯಲ್ಲಿ ಕೂಸು ಇನ್ನಷ್ಟು ತಣ್ಣಗಾಗುತ್ತಿದೆ ಎನ್ನಿಸಿ ನನಗೆ ಅಳು ಬಂತು. ಅಕ್ಕಯ್ಯಮ್ಮನ ಕಣ್ಣಲ್ಲೂ ನೀರಿತ್ತು, ಆದರೆ ಅವಳು ಬಾಗಿಲು ಬಿಡಲಿಲ್ಲ.

ಬಿಸಿಲಲ್ಲಿ ಕಂಬಳಿ ಹೊದ್ದು ಕೂತಿದ್ದ ಪಿಳ್ಳಪ್ಪ ತಾತ ಆಗ ಬಾಯಿ ಬಿಟ್ಟರು. ವರ್ಷಕ್ಕೊಮ್ಮೆ ಕೈವಾರಕ್ಕೆ ನಡೆದು ಹೋಗಿಬರುವ ಮನುಷ್ಯ, ತತ್ವಪದ ಹಾಡುವವರು. ಊರಿನಲ್ಲಿ ಶಾಸ್ತ್ರದ ಮಾತು ಬಂದರೆ ಕೊನೆಯ ಮಾತು ಅವರದೇ.

"ಪುರುಡು ಯಾರ್ಗಮ್ಮ? ನಮ್ಮ ವಂಶದೋರ್ಗೆ. ಕೂಸಿಗೆ ಇನ್ನೂ ಹೆಸ್ರಿಟ್ಟಿಲ್ಲ. ಹೆಸ್ರಿಡೋ ತಂಕ ಅದು ದೇವ್ರ ಮನೇದು, ನಮ್ದಲ್ಲ. ದೇವ್ರ ಮನೆಯೋರ್ಗೆ ಪುರುಡು ಎಲ್ಲಿಂದ ಬತ್ತೈತೆ?"

"ಸರಿ ಮಾವ. ಅದನ್ನ ಒಳಕ್ಕೆ ಎತ್ಕೊಂಡು ಹೋಗೋರ್ಯಾರು? ಹೆತ್ತೋಳ ಹತ್ರದಿಂದ ಹಾಲು ತರೋರ್ಯಾರು? ನಾವ್ಯಾರೂ ಮುಟ್ಟಂಗಿಲ್ವಲ್ಲ" ಎಂದಳು ಅಕ್ಕಯ್ಯಮ್ಮ.

ತಾತ ನನ್ನ ಕಡೆ ತಿರುಗಿದರು.

"ಏನಮ್ಮ, ನಿಮ್ಮಲ್ಲಿ ಪುರುಡು ಐತಾ?"

"ಇಲ್ಲ ತಾತ."

"ಬಾಣಂತೀನ ಮುಟ್ಟಿದ್ರೆ ಏನ್ಮಾಡ್ತೀರಿ?"

"ಸೋಪು ಹಾಕಿ ಕೈ ತೊಳೀತೀವಿ."

"ಕೇಳಿದ್ಯಾ? ಇವ್ರ ಮತದಲ್ಲಿ ಪುರುಡೇ ಇಲ್ಲ. ಇಲ್ದಿರೋದು ಈ ಹುಡುಗೀಗೆ ಎಲ್ಲಿಂದ ಅಂಟೀತು?"

ಅಕ್ಕಯ್ಯಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೂ ನೋಡಿದಳು. ನಾವು ಕ್ರಿಸ್ತರವರು ಎನ್ನುವುದು ಹಳ್ಳಿಗಳಲ್ಲಿ ನನಗೆ ಸ್ವಲ್ಪ ಕುಂದಾಗಿಯೇ ಇತ್ತು. ಅದು ಯಾರಿಗಾದರೂ ಕೆಲಸಕ್ಕೆ ಬಂದದ್ದು ಅದೇ ಮೊದಲು.

"ಮಿಂದು ಬರ್ಲಿ" ಎಂದಳು ಕೊನೆಗೆ. "ಆ ಸೋಪು ಮಾತ್ರ ಬೇಡ."

ಹೀಗೆ ನಾನು ಆ ಮನೆಯಲ್ಲಿ ಉಳಿದೆ. ನಾನು ಉಟ್ಟಿದ್ದ ಬಿಳಿ ಸೀರೆ ವ್ಯಾನಿನಲ್ಲಿ ಹೋಯಿತು. ಅಕ್ಕಯ್ಯಮ್ಮನ ಹಳೆಯ ಸೀರೆ ಉಟ್ಟು, ಸೀಗೆಕಾಯಿ ಹಾಕಿ ತಲೆಗೆ ನೀರು ಹುಯ್ದುಕೊಂಡು ಕೂಸನ್ನು ಎತ್ತಿಕೊಂಡು ಹುಳದ ಮನೆಯ ಹೊಸಲು ದಾಟಿದೆ.

ಒಳಗೆ ಅರೆಗತ್ತಲು. ಬಿದಿರಿನ ದೊಡ್ಡ ತಟ್ಟೆಗಳು ಒಂದರ ಮೇಲೊಂದು ಚೌಕಟ್ಟಿನಲ್ಲಿ ಸಾಲಾಗಿದ್ದವು. ಹಸಿ ಸೊಪ್ಪಿನ ಕಂಪು. ಹುಳ ಸೊಪ್ಪು ತಿನ್ನುವ ಸದ್ದು ಹಂಚಿನ ಮೇಲೆ ಜಿನುಗುವ ತುಂತುರಿನ ಹಾಗೆ ಕೇಳುತ್ತಿತ್ತು. ಖಾಲಿ ತಟ್ಟೆಯೊಂದರಲ್ಲಿ ಅರಳೆ ಹಾಸಿ, ಕೆಂಡದ ಒಲೆಯಿಂದ ಸ್ವಲ್ಪ ದೂರದ ಮೂಲೆಯಲ್ಲಿ ಕೂಸನ್ನು ಮಲಗಿಸಿದೆವು. ಡಾಕ್ಟರಮ್ಮ ಹೊರಗಿನಿಂದಲೇ ಎಲ್ಲ ಹೇಳಿಕೊಟ್ಟರು. ತಾಯಿಯ ಹಾಲನ್ನು ಬಟ್ಟಲಿಗೆ ಹಿಂಡಿಸಿಕೊಂಡು ಬರಬೇಕು, ಕಣ್ಣಿಗೆ ಔಷಧಿ ಬಿಡುವಂಥದೇ ಹೊಸ ಗಾಜಿನ ನಳಿಕೆಯನ್ನು ಕುದಿಸಿ ಅದರಿಂದ ಹನಿಹನಿಯಾಗಿ ಬಾಯಿಗೆ ಬಿಡಬೇಕು, ಮೈ ತಣ್ಣಗಾದರೆ ನನ್ನ ಮೈಗೆ ಒತ್ತಿ ಹಿಡಿಯಬೇಕು.

ತಾತನ ತೀರ್ಪು ಏನೇ ಇರಲಿ, ಅಕ್ಕಯ್ಯಮ್ಮನ ಮನಸ್ಸಿಗೆ ಪೂರ್ತಿ ಧೈರ್ಯ ಬಂದಿರಲಿಲ್ಲ. ಬಾಣಂತಿ ಕೋಣೆಯಿಂದ ಪ್ರತಿ ಸಲ ಹಾಲು ತಂದಾಗಲೂ ನಾನು ಮಿಂದೇ ಒಳಗೆ ಬರಬೇಕೆಂದಳು. ಪುಷ್ಯದ ಚಳಿಯಲ್ಲಿ ಬಾವಿಯ ನೀರು, ದಿನಕ್ಕೆ ಎಷ್ಟು ಸಲ ಎಂದು ನಾನು ಎಣಿಸಲಿಲ್ಲ. ಮೊದಲೆರಡು ದಿನ ಹಲ್ಲು ಕಟಕಟ ಎಂದವು. ಆಮೇಲೆ ಅವಳೇ ಹಂಡೆಗೆ ಉರಿ ಹಾಕಿಡತೊಡಗಿದಳು. "ನೀನೂ ಬಿದ್ಕೊಂಡ್ರೆ ನನ್ನ ಗತಿ ಏನು" ಎನ್ನುತ್ತಾ, ಜಾಸ್ತಿ ತುಪ್ಪ ಹಾಕಿದ ಮುದ್ದೆ ತಂದು ಬಾಗಿಲಲ್ಲಿ ಇಡುವಳು. ಗುರುವಾರ ಬಂದ ಎಸ್ತೇರಮ್ಮ ನನ್ನನ್ನು ಹತ್ತಿರ ಕರೆದು ಮೂಸಿ ನೋಡಿ, "ಪೂರ್ತಿ ಹುಳ ಆಗ್ಬಿಟ್ಟಿದ್ದೀಯ" ಎಂದರು. ಅವರಿಗೆ ಕೋಪ ಬಂದದ್ದು ಬೇರೆ ಕಾರಣಕ್ಕೆ. ಹೆತ್ತವಳಿಗೆ ಮಗುವನ್ನು ಮುಟ್ಟಗೊಡುವುದಿಲ್ಲವಲ್ಲ, ಇದೆಂಥ ಶಾಸ್ತ್ರ ಎಂದು ಡಾಕ್ಟರಮ್ಮನ ಮುಂದೆ ಸಿಡಿದರು. ಡಾಕ್ಟರಮ್ಮ, "ಶಿಶು ಜೀವಿಸುತ್ತಿದೆ, ಎಸ್ತೇರ್" ಎಂದಷ್ಟೇ ಹೇಳಿದರು.

ಹೆತ್ತವಳ ಸಂಕಟ ನನಗೆ ಗೊತ್ತಿತ್ತು. ಜ್ವರ ಇಳಿದ ಮೇಲೆ ವೆಂಕಟಲಕ್ಷ್ಮಿ ನಾನು ಬಟ್ಟಲು ಹಿಡಿದು ಬರುವುದನ್ನೇ ಕಾಯುತ್ತಿದ್ದಳು. ನನಗಿಂತ ಒಂದೆರಡು ವರ್ಷ ದೊಡ್ಡವಳು, ಅಷ್ಟೆ.

"ಹೆಂಗೈತೆ ಅಕ್ಕ?" ಎನ್ನುವಳು. ನನ್ನನ್ನು ಅಕ್ಕ ಎನ್ನುತ್ತಿದ್ದಳು.

"ಇವತ್ತು ನಳಿಕೇನ ತಾನೇ ಚೀಪ್ತು."

"ಯಾರ ಹಂಗೈತೆ?"

"ಮೂಗು ನಿಂದೇ."

ಅವಳು ತನ್ನ ಮೂಗನ್ನು ಮುಟ್ಟಿ ನೋಡಿಕೊಳ್ಳುವಳು. ಒಂದು ಮಧ್ಯಾಹ್ನ ಬಿಸಿಲು ಚೆನ್ನಾಗಿ ಕಾದಿದ್ದಾಗ ನಾನು ಕೂಸನ್ನು ಸುತ್ತಿಕೊಂಡು ಹುಳದ ಮನೆಯ ಬಾಗಿಲಿಗೆ ಬಂದು ಎತ್ತಿ ಹಿಡಿದೆ. ಅವಳು ಅಂಗಳದ ಆಚೆ ತಟ್ಟಿ ಹಿಡಿದುಕೊಂಡು ನಿಂತು ನೋಡಿದಳು. ಅಷ್ಟು ದೂರದಿಂದ ಬಟ್ಟೆಯ ಗಂಟು ಬಿಟ್ಟರೆ ಬೇರೇನೂ ಕಂಡಿರಲಾರದು. ಆದರೂ ನಾನು ಒಳಗೆ ಹೋಗುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ.

ಹನ್ನೊಂದನೆಯ ದಿನ ಬಂತು, ಹೋಯಿತು. ಹೆಸರಿಡಲಿಲ್ಲ. ಬೇರೆಯದಕ್ಕೆಲ್ಲ ಪುರುಡು ಅಂದಿಗೆ ಕಳೆದರೂ ಹುಳಕ್ಕೆ ಮಾತ್ರ ಅದು ತಿಂಗಳವರೆಗೂ ತಾಗುತ್ತದೆ ಎನ್ನುವುದು ಅಕ್ಕಯ್ಯಮ್ಮನ ಭಯ. ಇಟ್ಟರೆ ಕೂಸು ವಂಶಕ್ಕೆ ಸೇರಿ, ತಾತನ ತೀರ್ಪು ಬಿದ್ದುಹೋಗುತ್ತದಲ್ಲ. ಹುಳ ಗೂಡು ಕಟ್ಟುವವರೆಗೆ ಹೆಸರಿಲ್ಲ, ಬಾಣಂತಿಗೂ ಅಲ್ಲಿಯವರೆಗೆ ಹೊರಗಿನ ಕೋಣೆಯೇ ಎಂದಾಯಿತು. ಅಕ್ಕಯ್ಯಮ್ಮನಿಗೆ ಇನ್ನೊಂದು ಅನುಮಾನವಿತ್ತು. ಒಂದು ದಿನ ಸೊಪ್ಪು ಹೆಚ್ಚುತ್ತಾ, ನನ್ನ ಮುಖ ನೋಡದೆ ಕೇಳಿದಳು.

"ನೀನು ಅದಕ್ಕೆ ನೀರು ಗೀರು ಹಾಕಿ ನಿಮ್ಮ ಮತಕ್ಕೆ ಸೇರ್ಸಲ್ಲ ತಾನೇ?"

"ಇಲ್ಲಮ್ಮ. ಪ್ರಾರ್ಥನೆ ಮಾತ್ರ ಮಾಡ್ತೀನಿ."

"ಏನಂತ?"

"ಬದುಕ್ಲಿ ಅಂತ."

"ಅದನ್ನ ಮಾಡು" ಎಂದಳು. ತಾನೂ ದೇವರಿಗೆ ಮುಡಿಪು ಕಟ್ಟಿರುವುದಾಗಿ ಸ್ವಲ್ಪ ಹೊತ್ತಿನ ಮೇಲೆ ಹೇಳಿದಳು.

ಅವಳು ದಿನವಿಡೀ ಅದೇ ಮನೆಯಲ್ಲಿ, ಮೊಮ್ಮಗಳಿಂದ ಎರಡು ಮಾರು ದೂರದಲ್ಲಿ ಕೆಲಸ ಮಾಡುತ್ತಿದ್ದಳು. ಹತ್ತಿರ ಬಂದು ಬಗ್ಗಿ ನೋಡುವಳು, ಕೈ ಮಾತ್ರ ಸೊಂಟದ ಹಿಂದೆ. ಒಂದು ಸಂಜೆ ನಾನು ಮಿಂದು, ಹಾಲು ಹಿಡಿದು ಬಂದಾಗ ಅವಳು ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಅವಳ ಕಿರುಬೆರಳು ಕೂಸಿನ ಮುಷ್ಟಿಯಲ್ಲಿತ್ತು.

"ಬಿಡ್ಲಿಲ್ಲ ಕಣಮ್ಮ" ಎಂದಳು. "ಹಿಡ್ಕೊಂಬಿಡ್ತು."

ಅವಳು ಮೆಲ್ಲಗೆ ಬೆರಳು ಬಿಡಿಸಿಕೊಂಡು, ಬಾವಿಯ ಕಡೆಗೆ ಹೋಗಿ, ಬಿಸಿನೀರಿಗೂ ಕಾಯದೆ ಕೊಡ ಕೊಡ ತಣ್ಣೀರು ಹುಯ್ದುಕೊಂಡು ಬಂದು ಹುಳಕ್ಕೆ ಸೊಪ್ಪು ಹಾಕಿದಳು.

ಅದಾದ ಸ್ವಲ್ಪ ದಿನಕ್ಕೇ ನಿಜವಾದ ಕಷ್ಟ ಬಂತು. ಎಳೆಯ ಹುಳಕ್ಕೆ ಕಾವು ಬೇಕು, ಬಲಿತ ಹುಳಕ್ಕೆ ಗಾಳಿ, ತಂಪು ಬೇಕು. ಕೊನೆಯ ಸಲ ಪೊರೆ ಬಿಟ್ಟು ಎದ್ದ ಹುಳ ಬೆರಳು ದಪ್ಪವಾಗಿ ಹಗಲೂ ರಾತ್ರಿ ತಿನ್ನತೊಡಗಿದಾಗ ಕೆಂಡ ತೆಗೆದು ಕಿಟಕಿಯ ಗೋಣಿ ಬಿಚ್ಚಬೇಕು. ಇಲ್ಲದಿದ್ದರೆ ಸೆಕೆಗೆ ರೋಗ ಬರುತ್ತದೆ. ಕೂಸಿಗೆ ಇನ್ನೂ ಮೈ ತುಂಬಿರಲಿಲ್ಲ. ಕೆಂಡ ಆರಿದ ಒಂದು ಬೆಳಿಗ್ಗೆಯೇ ಅದರ ತುಟಿ ಮತ್ತೆ ನೀಲಿಗಟ್ಟಿದ್ದನ್ನು ನಾನೂ ಅಕ್ಕಯ್ಯಮ್ಮನೂ ನೋಡಿದ್ದೆವು.

ಮುನಿರಾಜು ಬಾಗಿಲಲ್ಲಿ ನಿಂತು, "ಅವ್ವ, ಗೋಣಿ ಬಿಚ್ಬೇಕಲ್ಲ" ಎಂದ. ಅವನು ಮಗಳನ್ನು ಒಂದು ಸಲವೂ ನೆಟ್ಟಗೆ ನೋಡಿರಲಿಲ್ಲ, ನೋಡಿದರೆ ಆಸೆ ಹುಟ್ಟುತ್ತದೆ ಎಂದು ಹೆದರಿದ್ದನೋ ಏನೋ.

ಅಕ್ಕಯ್ಯಮ್ಮ ತಟ್ಟೆಗಳನ್ನು ನೋಡಿದಳು. ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಒಂದು ಬೆಳೆಯನ್ನೂ ಕೆಡಿಸಿಕೊಂಡವಳಲ್ಲ, ಅದು ಅವಳ ಹೆಮ್ಮೆ. ಶಿಡ್ಲಘಟ್ಟದ ಸಂತೆಯಲ್ಲಿ ಅವಳ ಗೂಡೆಂದರೆ ಜನ ಎದ್ದು ಬಂದು ನೋಡುತ್ತಿದ್ದರಂತೆ. ಆಮೇಲೆ ಮೂಲೆಯ ಕಡೆ ನೋಡಿದಳು.

"ಆ ಕಡೆ ಗೋಡೇದು ಎರಡು ಬಿಚ್ಚು. ಈ ಕಡೇದು ಬೇಡ."

"ಈ ಕಡೆ ತಟ್ಟೆಗಳು?"

"ಆದಷ್ಟು ಆ ಕಡೆಗೆ ಸಾಗ್ಸು. ಹೋದ್ರೆ ಹೋಗ್ಲಿ."

ಕೂಸಿನ ಮೂಲೆಗೆ ಸುತ್ತಲೂ ಕಂಬಳಿ ಇಳಿಬಿಟ್ಟು ಒಳಗೆ ಒಂದು ಕೆಂಡದ ಬಟ್ಟಲು ಇಟ್ಟೆವು. ಆದರೂ ಮನೆಯ ಸೆಕೆ ಪೂರ್ತಿ ಇಳಿಯಲಿಲ್ಲ. ಈ ಬದಿಯ ತಟ್ಟೆಗಳಲ್ಲಿ ಹುಳ ಬಾಡಿ ಕಪ್ಪಾದವು. ಅವನ್ನು ಅವಳೇ ಹೊತ್ತು ತಿಪ್ಪೆಗೆ ಸುರಿದು ಬರುವಳು. ಒಂದು ಸಲ ನಾನೇ ತಡೆಯಲಾರದೆ, "ನನ್ನಿಂದ ನಿಮಗೆ ನಷ್ಟ ಆಯ್ತು" ಎಂದೆ. ಅವಳು ಖಾಲಿ ತಟ್ಟೆ ಒದರುತ್ತಾ, "ಹುಳ ಮುಂದ್ಲ ತಿಂಗ್ಳೂ ಬತ್ತೈತೆ" ಎಂದಳು.

ಉಳಿದ ಹುಳ ಹಣ್ಣಾದವು. ಮೈ ಹಳದಿಗೆ ತಿರುಗಿ, ತಿನ್ನುವುದನ್ನು ನಿಲ್ಲಿಸಿ ತಲೆಯೆತ್ತಿ ಆಡಿಸತೊಡಗಿದವು. ಊರ ಹೆಂಗಸರೆಲ್ಲ ಬಂದು ಅವನ್ನು ಆಯ್ದು ಚಂದ್ರಿಕೆಗೆ ಬಿಟ್ಟರು. ಚಂದ್ರಿಕೆ ಎಂದರೆ ಬಿದಿರು ದಬ್ಬೆಯನ್ನು ಸುರುಳಿ ಸುತ್ತಿ ಕಟ್ಟಿದ ದೊಡ್ಡ ಚಾಪೆ. ಅದರ ಸಂದಿಯಲ್ಲಿ ಹುಳ ಗೂಡು ಕಟ್ಟುತ್ತದೆ. ಅದೇ ವಾರ ಕೂಸಿನ ಕೆನ್ನೆ ತುಂಬಿತು, ನಳಿಕೆ ಬಿಟ್ಟು, ಕೂಸಿಗೆ ಹಾಲು ಹಾಕುವ ಒಳಲೆಯಲ್ಲಿ ಕುಡಿಯಿತು. ನಾನು ಬಟ್ಟೆ ಬದಲಿಸುವಾಗ ಕಾಲು ಝಾಡಿಸಿತು. ನನಗಾದ ಸಂತೋಷಕ್ಕೆ ಹುಳದ ಮನೆಯಲ್ಲಿ ಗಟ್ಟಿಯಾಗಿ ನಗಬಾರದೆಂಬುದನ್ನು ಮರೆತು ನಕ್ಕೆ. ಅಕ್ಕಯ್ಯಮ್ಮ ಬೈಯಲಿಲ್ಲ.

ಗೂಡು ಬಿಡಿಸಿ ಶಿಡ್ಲಘಟ್ಟಕ್ಕೆ ಸಾಗಿಸಿದ ಮೇಲೆ, ವೆಂಕಟಲಕ್ಷ್ಮಿಗೆ ತಲೆಗೆ ನೀರು ಹಾಕಿ ಮನೆಯೊಳಗೆ ಕರೆದುಕೊಂಡರು. ಗುರುವಾರ ಹೆಸರಿಡುವುದೆಂದಾಯಿತು. ಆ ದಿನ ವ್ಯಾನು ಬರುತ್ತದೆ, ನಾನೂ ಅದರಲ್ಲಿ ಹೊರಡಬೇಕು. ಎಲ್ಲ ಸಿದ್ಧವಾಗಿರುವಾಗ ತಾತ ಮತ್ತೆ ಬಾಯಿ ಬಿಟ್ಟರು.

"ಹೆಸ್ರು ಇಡಕ್ಕೆ ಮುಂಚೆ ಕೂಸು ನಮ್ದಾಗ್ಬೇಕಲ್ಲ. ದೇವ್ರ ಮನೇದನ್ನ ಇಷ್ಟು ದಿನ ಸಾಕ್ದೋಳು ಈ ಹುಡುಗಿ. ಈಗ ಅದು ಇವಳ್ದು. ತೌಡು ಕೊಟ್ಟು ತಗೋಬೇಕು."

ಯಮನ ಬಾಯಿಂದ ಉಳಿದ ಮಕ್ಕಳಿಗೆ ನಮ್ಮ ಕಡೆ ಮಾಡುವ ಶಾಸ್ತ್ರ ಅದು. ಮಗುವನ್ನು ಮೊರದಲ್ಲಿ ಹಾಕಿ ಬೇರೆಯವರ ಕೈಯಿಂದ ತೌಡಿಗೆ ಕೊಳ್ಳುತ್ತಾರೆ. ಮಾರಿದವರು "ಮಾರಿದೆ" ಎಂದು ಹೇಳಿ, ಹಿಂದಿರುಗಿ ನೋಡದೆ ಹೊರಟುಹೋಗಬೇಕು. ನೋಡಿದರೆ ಮಗು ಕೊಂಡವರಿಗೆ ದಕ್ಕುವುದಿಲ್ಲ, ಅವರ ಹಿಂದೆಯೇ ಹೋಗಿಬಿಡುತ್ತದೆ. ಹಾಗೆ ಕೊಂಡ ಮಗುವಿಗೆ ಹೆಸರೂ ತೌಡಮ್ಮ ಎಂದೇ. ಮುಂದೆ ಇವಳನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರು ಸರಸ್ವತಿ ಎಂದು ಬದಲಾಯಿಸಿದರಂತೆ. ಊರಿಗೆ ಮಾತ್ರ ಇವತ್ತಿಗೂ ಅವಳು ತೌಡಮ್ಮನೇ.

ಎಸ್ತೇರಮ್ಮನಿಗೆ ಕೆಂಡದಂಥ ಕೋಪ ಬಂತು. "ನಾವೇನು ಮಕ್ಕಳ ವ್ಯಾಪಾರಕ್ಕೆ ಬಂದಿದ್ದೀವಾ? ಬೈಬಲ್ ಓದೋ ಮನೆ ಹುಡುಗಿ, ಮೊರದಲ್ಲಿ ಮಗು ಇಟ್ಕೊಂಡು ತೌಡಿಗೆ ಮಾರ್ತಾಳಂತೆ. ಬೇಡ ಅಂತ ಹೇಳು."

ಡಾಕ್ಟರಮ್ಮ ನನ್ನಿಂದ ಎಲ್ಲ ಕೇಳಿ ತಿಳಿದುಕೊಂಡರು. ತೌಡೆಂದರೆ ಏನು ಎಂದು ಎರಡು ಸಲ ಕೇಳಿದರು. "ಇದು ನ್ಯಾಯವಾದ ಬೆಲೆಯಂತೆ ತೋರುವುದಿಲ್ಲ" ಎಂದು ಗಂಭೀರವಾಗಿ ಹೇಳಿ, ಆಮೇಲೆ, "ನಿನ್ನ ಇಷ್ಟ, ಮಗಳೇ" ಎಂದರು.

ನಾನು ಮೊರವನ್ನು ತೆಗೆದುಕೊಂಡೆ. ಕೂಸನ್ನು ಅದರಲ್ಲಿ ಮಲಗಿಸಿ ಜಗಲಿಗೆ ಬಂದೆ. ಹೊಸ ಸೀರೆ ಉಟ್ಟು ವೆಂಕಟಲಕ್ಷ್ಮಿ ಮಣೆಯ ಮೇಲೆ ಕೂತಿದ್ದಳು, ಕೈಗಳನ್ನು ಆಗಲೇ ಮುಂದೆ ಚಾಚಿದ್ದಳು. ಅಕ್ಕಯ್ಯಮ್ಮ ನನ್ನ ಸೆರಗಿಗೆ ತೌಡು ಸುರಿದಳು.

"ಮಾರಿದ್ಯೇನಮ್ಮ?" ಎಂದರು ತಾತ.

ಹೇಳಬೇಕಾದದ್ದು ಒಂದೇ ಮಾತು, ಆದರೆ ನಾನು ಮೊರವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡೆ. ಶಾಸ್ತ್ರ, ಆಟ ಎಂದುಕೊಂಡಿದ್ದೆ. ಆ ಮಗುವಿನ ಒಂದೊಂದು ಉಸಿರನ್ನೂ ಕಿವಿಗೊಟ್ಟು ಕೇಳಿದವಳು ನಾನು. ಅದು ನನ್ನದಲ್ಲ ಎಂದು ಬಾಯಿಬಿಟ್ಟು ಹೇಳುವವರೆಗೆ, ಅದನ್ನು ನನ್ನದೆಂದುಕೊಂಡಿದ್ದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ತಾತ ಮತ್ತೆ ಕೇಳಿದರು. ವೆಂಕಟಲಕ್ಷ್ಮಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಮಾರಿದೆ" ಎಂದೆ.

ಮೊರವನ್ನು ಅವಳ ಕೈಗೆ ಕೊಟ್ಟು, ತೌಡಿನ ಸೆರಗನ್ನು ಹಿಡಿದುಕೊಂಡು ಜಗಲಿ ಇಳಿದೆ. ವ್ಯಾನು ಹುಣಸೆ ಮರದ ಕೆಳಗೆ ನಿಂತಿತ್ತು. ಎಸ್ತೇರಮ್ಮ ಮುಖ ಗಂಟಿಕ್ಕಿಕೊಂಡು ನನ್ನ ಪಕ್ಕದಲ್ಲೇ ನಡೆದರು. ಹಿಂದಿನಿಂದ ವೆಂಕಟಲಕ್ಷ್ಮಿಯ ದನಿ ಕೇಳಿತು. ನನ್ನ ಹತ್ತಿರ ಯಾವಾಗಲೂ ಕನ್ನಡದಲ್ಲಿ ಮಾತಾಡುತ್ತಿದ್ದವಳು ಮಗಳಿಗೆ ತನ್ನ ಮನೆಮಾತಿನಲ್ಲಿ, "ವಚ್ಚಿನಾವಾ, ನಾ ತಲ್ಲೀ" ಎಂದಳು. ಬಂದೆಯಾ, ನನ್ನಮ್ಮ. ಕೂಸು ಅತ್ತಿತು. ಅಷ್ಟು ದಿನದಲ್ಲಿ ನಾನು ಕೇಳಿರದಷ್ಟು ಗಟ್ಟಿಯಾಗಿ ಅತ್ತಿತು.

ನನ್ನ ಕತ್ತು ತಾನಾಗಿಯೇ ಹೊರಳಿತು. ಅಷ್ಟರಲ್ಲಿ ಎಸ್ತೇರಮ್ಮ ನನ್ನ ಮೊಣಕೈ ಮೇಲೆ ಬಿಗಿಯಾಗಿ ಹಿಡಿದರು.

"ತಿರುಗ್ಬೇಡ ಕಣೇ" ಎಂದರು ಮೆಲ್ಲಗೆ. "ನಡಿ."